ಗಾಡಿ ನೋಡುವ ಮೊದಲು ದಾರಿ ಅಳೆಯಿರಿ

ಫರೀದಾಬಾದಿಗೆ ಕೆಲಸದ ಮೇಲೆ ಬರುವ ನಮ್ಮ ಕಡೆಯ ಹುಡುಗ ಹುಡುಗಿಯರು ಮೊದಲ ತಿಂಗಳು ಮನೆ ಹುಡುಕುತ್ತಾರೆ, ಎರಡನೇ ತಿಂಗಳು ಸ್ಕೂಟರ್ ಹುಡುಕುತ್ತಾರೆ. ಸೆಕ್ಟರ್ 33ರ ಜಲವಿದ್ಯುತ್ ಕಂಪನಿ ಎನ್‌ಎಚ್‌ಪಿಸಿ ಕೇಂದ್ರ ಕಚೇರಿಗೆ ವರ್ಗವಾಗಿ ಬಂದ ಎಂಜಿನಿಯರ್ ಇರಲಿ, ಸೆಕ್ಟರ್ 13ರ ಇಂಡಿಯನ್ ಆಯಿಲ್ ಸಂಶೋಧನಾ ಕೇಂದ್ರಕ್ಕೆ ಸೇರಿದ ಕೆಮಿಸ್ಟ್ರಿ ಪದವೀಧರೆ ಇರಲಿ, ಗುರುಗ್ರಾಮ ರಸ್ತೆಯ ಬಯೋಟೆಕ್ ಕ್ಲಸ್ಟರ್‌ನಲ್ಲಿ ಪಿಎಚ್‌ಡಿ ಮಾಡುವವರಿರಲಿ, ಸೆಕ್ಟರ್ 88ರ ಅಮೃತಾ ಆಸ್ಪತ್ರೆಯ ನರ್ಸ್ ಇರಲಿ, ಎಲ್ಲರ ಪ್ರಶ್ನೆಯೂ ಒಂದೇ: ಯಾವ ಸ್ಕೂಟರ್ ತಗೊಳ್ಳಲಿ? ಊರಿನಿಂದ ಅಪ್ಪ ಒಂದು ಕಂಪನಿಯ ಹೆಸರು ಹೇಳುತ್ತಾರೆ, ಪಕ್ಕದ ಟೇಬಲಿನವರು ಇನ್ನೊಂದು ಹೇಳುತ್ತಾರೆ, ಯೂಟ್ಯೂಬ್ ಮೂರನೆಯದನ್ನು ತೋರಿಸುತ್ತದೆ.

ನಿಜ ಹೇಳಬೇಕೆಂದರೆ ಪೇಟೆಯಲ್ಲಿರುವ ಪ್ರಮುಖ 110 ಸಿಸಿ ಸ್ಕೂಟರುಗಳ ನಡುವೆ ತಲೆ ಕೆಡಿಸಿಕೊಳ್ಳುವಷ್ಟು ವ್ಯತ್ಯಾಸವಿಲ್ಲ. ಬೆಲೆಯಲ್ಲಿ ನಾಲ್ಕೈದು ಸಾವಿರ, ಮೈಲೇಜಿನಲ್ಲಿ ಎರಡು ಮೂರು ಕಿ.ಮೀ. ಆಚೀಚೆ, ಅಷ್ಟೆ. ತಿಂಗಳ ಕೊನೆಗೆ ಜೇಬಿನಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಬೇರೆ ಮೂರು ಸಂಗತಿಗಳು: ಮನೆಗೂ ಕೆಲಸಕ್ಕೂ ನಡುವಿನ ದಾರಿ, ಸಾಲದ ಷರತ್ತು ಮತ್ತು ಗಾಡಿಯ ನಂಬರ್ ಪ್ಲೇಟು. ಈ ಮೂರನ್ನೂ ಶೋರೂಮಿಗೆ ಕಾಲಿಡುವ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಬಹುದು. ಹಾಕುವವರು ಕಡಿಮೆ.

ಈ ಊರಿನ ಆಕಾರ

ಫರೀದಾಬಾದಿಗೂ ದ್ವಿಚಕ್ರ ವಾಹನಕ್ಕೂ ಹಳೆಯ ನಂಟು. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಇಲ್ಲಿಯ ಎಸ್ಕಾರ್ಟ್ಸ್ ಕಂಪನಿ ರಾಜದೂತ್ ಮೋಟಾರ್ ಸೈಕಲ್ ಮಾಡುತ್ತಿತ್ತು. ಆ ಕಂಪನಿಯ ಹೆಸರು ಇವತ್ತಿಗೂ 'ಎಸ್ಕಾರ್ಟ್ಸ್ ಮುಜೇಸರ್' ಎಂಬ ಮೆಟ್ರೊ ನಿಲ್ದಾಣದಲ್ಲಿ ಉಳಿದಿದೆ. ಆದರೆ ಊರು ಬೆಳೆದ ರೀತಿ ಮಾತ್ರ ವಿಚಿತ್ರ. ನಡುವೆ ಉತ್ತರ ದಕ್ಷಿಣವಾಗಿ ಮಥುರಾ ರಸ್ತೆ, ಅದರ ಪಶ್ಚಿಮಕ್ಕೆ ಸಮಾನಾಂತರವಾಗಿ ರೈಲು ಹಳಿ, ಹಳಿಯಾಚೆ ದೇಶ ವಿಭಜನೆಯ ನಂತರ ನಿರಾಶ್ರಿತರಿಗಾಗಿ ಕಟ್ಟಿದ ಎನ್‌ಐಟಿ (ನ್ಯೂ ಇಂಡಸ್ಟ್ರಿಯಲ್ ಟೌನ್‌ಶಿಪ್) ಬಡಾವಣೆ. ಪೂರ್ವಕ್ಕೆ ಹೋದರೆ ಆಗ್ರಾ ಕಾಲುವೆ, ಅದರಾಚೆ 'ನಹರ್‌ಪಾರ್' ಎಂದು ಕರೆಯುವ ಗ್ರೇಟರ್ ಫರೀದಾಬಾದಿನ ಹೊಸ ಸೆಕ್ಟರುಗಳು. ಹಳಿ ದಾಟಲು ಬೆರಳೆಣಿಕೆಯ ಫ್ಲೈಓವರ್ ಮತ್ತು ಅಂಡರ್‌ಪಾಸ್, ಕಾಲುವೆ ದಾಟಲು ಕೆಲವೇ ಸೇತುವೆ. ನಕ್ಷೆಯಲ್ಲಿ ಮೂರು ಕಿ.ಮೀ. ಎಂದು ಕಂಡದ್ದು ಗಾಡಿಯ ಮೀಟರಿನಲ್ಲಿ ಏಳಾಗುವುದು ಇದರಿಂದಲೇ.

ಮೆಟ್ರೊ ಇರುವುದು ಮಥುರಾ ರಸ್ತೆಯ ಗುಂಟ ಒಂದೇ ಗೆರೆಯಲ್ಲಿ. ಬದರ್‌ಪುರದಿಂದ ಎಸ್ಕಾರ್ಟ್ಸ್ ಮುಜೇಸರ್‌ವರೆಗಿನ ಮಾರ್ಗ 2015ರ ಸೆಪ್ಟೆಂಬರಿನಲ್ಲಿ ಶುರುವಾಯಿತು. 2018ರ ನವೆಂಬರಿನಲ್ಲಿ ಬಲ್ಲಭಗಢದ ರಾಜಾ ನಾಹರ್ ಸಿಂಗ್ ನಿಲ್ದಾಣಕ್ಕೆ ಮುಟ್ಟಿತು. ಊರೊಳಗೆ ಒಟ್ಟು 11 ನಿಲ್ದಾಣ. ನಹರ್‌ಪಾರಿಗಾಗಲಿ ಬಯೋಟೆಕ್ ಕ್ಲಸ್ಟರಿಗಾಗಲಿ ಮೆಟ್ರೊ ಇಲ್ಲ. ಹೀಗಾಗಿ ಸ್ಕೂಟರ್ ಬೇಕೇ ಬೇಡವೇ ಎಂಬ ಪ್ರಶ್ನೆಗೆ ಉತ್ತರ, ನಿಮ್ಮ ಮನೆ ಮತ್ತು ಕೆಲಸದ ಜಾಗ ಈ ಗೆರೆಯಿಂದ ಎಷ್ಟು ದೂರ ಎಂಬುದರಲ್ಲಿದೆ.

ಮೂರು ಬಗೆಯ ಓಡಾಟ ತೆಗೆದುಕೊಂಡು ಲೆಕ್ಕ ಮಾಡೋಣ. ಪೆಟ್ರೋಲ್ ಲೀಟರಿಗೆ 95 ರೂ., ಊರಿನ ಟ್ರಾಫಿಕ್ಕಿನಲ್ಲಿ ಮೈಲೇಜ್ 45 ಕಿ.ಮೀ., ತಿಂಗಳಿಗೆ 25 ದಿನ ಕೆಲಸ ಎಂದಿಟ್ಟುಕೊಳ್ಳಿ.

ಮೊದಲನೆಯವರು ಓಲ್ಡ್ ಫರೀದಾಬಾದಿನಲ್ಲಿದ್ದು ದಿಲ್ಲಿಯ ಕೇಂದ್ರ ಸಚಿವಾಲಯದ ಕಡೆಗೆ ಕೆಲಸಕ್ಕೆ ಹೋಗುವವರು. ಹೋಗಿ ಬರಲು ಸುಮಾರು 60 ಕಿ.ಮೀ., ತಿಂಗಳಿಗೆ 1,500. ಪೆಟ್ರೋಲಿಗೇ 3,167 ರೂ. ಮುಗಿಯುತ್ತದೆ. ಮೆಟ್ರೊದಲ್ಲಿ 21ರಿಂದ 32 ಕಿ.ಮೀ. ದೂರಕ್ಕೆ 2025ರ ಆಗಸ್ಟಿನ ಪರಿಷ್ಕರಣೆಯ ನಂತರದ ದರ 54 ರೂ. ಸ್ಮಾರ್ಟ್ ಕಾರ್ಡಿನ ಶೇ 10ರ ರಿಯಾಯಿತಿ ಕಳೆದರೆ ತಿಂಗಳಿಗೆ 2,430 ರೂ. ಗಾಡಿಯ ಬೆಲೆ, ಸರ್ವಿಸು, ಬದರ್‌ಪುರ ಗಡಿಯಲ್ಲಿ ಲಾರಿಗಳ ನಡುವೆ ಉಸಿರು ಬಿಗಿಹಿಡಿದು ನಿಲ್ಲುವುದು, ಇವನ್ನೆಲ್ಲ ಬದಿಗಿಟ್ಟು ಬರೀ ಪೆಟ್ರೋಲ್ ಖರ್ಚನ್ನು ತೂಗಿದರೂ ಮೆಟ್ರೊ ಅಗ್ಗ. ದಿಲ್ಲಿಗೆ ದಿನವೂ ಹೋಗಲೆಂದು ಸ್ಕೂಟರ್ ಕೊಳ್ಳುವುದು ಲೆಕ್ಕಕ್ಕೆ ಕೂರುವುದಿಲ್ಲ.

ಎರಡನೆಯವರ ಮನೆ ನಿಲ್ದಾಣದಿಂದ ಎರಡು ಕಿ.ಮೀ. ದೂರ. 'ನಿಲ್ದಾಣದವರೆಗೆ ಹೋಗಲಾದರೂ ಒಂದು ಗಾಡಿ ಇರಲಿ' ಎನ್ನುವವರು ಇವರು. ತಿಂಗಳಿಗೆ 100 ಕಿ.ಮೀ. ಓಡುತ್ತದೆ, ಪೆಟ್ರೋಲಿಗೆ ಇನ್ನೂರು ಚಿಲ್ಲರೆ. ಆದರೆ ನಿಂತ ಗಾಡಿಯೂ ಖರ್ಚು ಕೇಳುತ್ತದೆ. 95,000 ಕೊಟ್ಟು ಕೊಂಡು ಐದು ವರ್ಷದ ಮೇಲೆ 40,000ಕ್ಕೆ ಮಾರಿದರೆ 55,000 ಕರಗಿತು. ತಿಂಗಳಿಗೆ ಹಂಚಿದರೆ 900 ರೂ. ಮೀರುತ್ತದೆ. ವಿಮೆ, ವರ್ಷದ ಸರ್ವಿಸು, ನಿಲ್ದಾಣದ ಪಾರ್ಕಿಂಗ್ ಸೇರಿಸಿದರೆ ಹದಿನೇಳು ಹದಿನೆಂಟು ನೂರಕ್ಕೆ ನಿಲ್ಲುತ್ತದೆ. ಶೇರ್ ಆಟೊಗೆ ಒಂದು ಸಲಕ್ಕೆ 20 ರೂ. ಕೊಟ್ಟರೂ ತಿಂಗಳಿಗೆ ಸಾವಿರ. ಇವರು ಸ್ಕೂಟರ್ ಕೊಂಡರೆ ಅದು ಅನುಕೂಲಕ್ಕೆ ಕೊಂಡದ್ದು, ಉಳಿತಾಯಕ್ಕಲ್ಲ. ತಪ್ಪೇನಿಲ್ಲ, ಗೊತ್ತಿದ್ದು ಕೊಳ್ಳಬೇಕು ಅಷ್ಟೆ.

ಮೂರನೆಯವರು ನಹರ್‌ಪಾರಿನಲ್ಲಿ ಮನೆ ಮಾಡಿ ಹತ್ತು ಕಿ.ಮೀ. ದೂರದ ಕೆಲಸಕ್ಕೆ ಹೋಗುವವರು, ಇಲ್ಲವೇ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವವರು. ತಿಂಗಳಿಗೆ 500 ಕಿ.ಮೀ. ಪೆಟ್ರೋಲಿಗೆ 1,055, ಬೆಲೆ ಕರಗಿದ್ದಕ್ಕೆ 917, ಸರ್ವಿಸು, ಟಯರು, ಬೆಲ್ಟು, ಬ್ಯಾಟರಿಗೆ 350, ವಿಮೆಗೆ 80. ಒಟ್ಟು 2,400 ರೂ., ಕಿ.ಮೀ.ಗೆ ಐದು ರೂಪಾಯಿಯೊಳಗೆ. ಇದೇ ದೂರಕ್ಕೆ ಆ್ಯಪ್‌ನಲ್ಲಿ ಆಟೊ ಬುಕ್ ಮಾಡಿದರೆ ಒಂದು ಸಲಕ್ಕೆ ನೂರು ಎಂದರೂ ತಿಂಗಳಿಗೆ ಐದು ಸಾವಿರ. ಸ್ಕೂಟರ್ ನಿಜವಾಗಿ ಬೇಕಾದದ್ದು ಇವರಿಗೆ. ರಾತ್ರಿ ಹತ್ತರ ಮೇಲೆ ಕಾಲುವೆಯಾಚೆ ಆಟೊ ಹುಡುಕುವ ಪಾಡು ಈ ಲೆಕ್ಕದಲ್ಲಿ ಸೇರಿಲ್ಲ, ಸೇರಿಸಿದರೆ ತಕ್ಕಡಿ ಇನ್ನಷ್ಟು ಸ್ಕೂಟರಿನ ಕಡೆಗೇ ವಾಲುತ್ತದೆ.

ಕೊಟೇಷನ್ ಕಾಗದ

ಕೊಳ್ಳುವುದು ಖಚಿತವಾದ ಮೇಲೆ ಶೋರೂಮಿನಲ್ಲಿ ಮೊದಲು ಕೇಳಬೇಕಾದದ್ದು ಟೆಸ್ಟ್ ರೈಡ್ ಅಲ್ಲ, ಕೊಟೇಷನ್. ಬಾಯಿಮಾತಿನ 'ಆನ್ ರೋಡ್' ಮೊತ್ತ ಬೇಡ, ಸಾಲು ಸಾಲಾಗಿ ಬರೆದ ಕಾಗದ ಕೇಳಿ. ಅದನ್ನು ಹೀಗೆ ಓದಿ.

ಮೊದಲ ಸಾಲು ಎಕ್ಸ್ ಶೋರೂಮ್ ಬೆಲೆ. ಜಿಎಸ್‌ಟಿ ಇದರೊಳಗೇ ಇದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು 110 ಸಿಸಿ ಸ್ಕೂಟರಿನ ಬೆಲೆ ಏಳೆಂಟು ಸಾವಿರ ಕಡಿಮೆಯಾಯಿತು. ಇಂಟರ್ನೆಟ್ಟಿನಲ್ಲಿ ಸಿಗುವ ಹಳೆಯ ಬೆಲೆಪಟ್ಟಿ ನಂಬಬೇಡಿ.

ಎರಡನೆಯದು ರಸ್ತೆ ತೆರಿಗೆ ಮತ್ತು ನೋಂದಣಿ. ಹರಿಯಾಣದ ತೆರಿಗೆ ಕರ್ನಾಟಕದ ಜೀವಿತಾವಧಿ ತೆರಿಗೆಗಿಂತ ಸಾಕಷ್ಟು ಕಡಿಮೆ. ನೋಂದಣಿ ಶುಲ್ಕ ದ್ವಿಚಕ್ರಕ್ಕೆ 300 ರೂ. ಸಾಲ ಮಾಡಿದ್ದರೆ ಹೈಪೋಥಿಕೇಷನ್ ನಮೂದಿಗೆ 500. ನಮ್ಮ ಕಡೆಯವರು ಇಲ್ಲಿ 'ಆರ್‌ಟಿಒ ಆಫೀಸ್ ಎಲ್ಲಿ' ಎಂದು ಹುಡುಕುವುದುಂಟು. ಹರಿಯಾಣದಲ್ಲಿ ಖಾಸಗಿ ವಾಹನಗಳ ನೋಂದಣಿ ಎಸ್‌ಡಿಎಂ (ಉಪವಿಭಾಗಾಧಿಕಾರಿ) ಕಚೇರಿಯ ಕೆಲಸ. ಫರೀದಾಬಾದಿನಲ್ಲಿ ಅದು ಸೆಕ್ಟರ್ 12ರ ಮಿನಿ ಸಚಿವಾಲಯದಲ್ಲಿದೆ. ಎಚ್‌ಆರ್ 51 ಇಲ್ಲಿಯ ನಂಬರು, ಎಚ್‌ಆರ್ 29 ಬಲ್ಲಭಗಢದ್ದು. ಹೊಸ ಗಾಡಿಯ ಕಾಗದಪತ್ರವನ್ನು ಸಾಮಾನ್ಯವಾಗಿ ಡೀಲರೇ ಮಾಡಿಸುತ್ತಾನೆ. ಆದರೆ ಸ್ಥಳೀಯ ವಿಳಾಸದ ದಾಖಲೆ ನೀವೇ ಒದಗಿಸಬೇಕು. ಆಧಾರ್‌ನಲ್ಲಿ ಹಾಸನದ ವಿಳಾಸವಿಟ್ಟುಕೊಂಡು ಬಂದವರು ಮನೆ ಹಿಡಿಯುವಾಗಲೇ ಬಾಡಿಗೆ ಕರಾರು ಪತ್ರ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಕರ್ನಾಟಕದ ಡಿಎಲ್ ಇಡೀ ದೇಶಕ್ಕೆ ನಡೆಯುತ್ತದೆ, ಅದರ ಚಿಂತೆ ಬೇಡ. ಡಿಎಲ್ ಇಲ್ಲದವರು ಮಾತ್ರ ಗಾಡಿಗಿಂತ ಮೊದಲು ಎಲ್‌ಎಲ್‌ಗೆ (ಕಲಿಕಾ ಲೈಸೆನ್ಸಿಗೆ) ಅರ್ಜಿ ಹಾಕಿ. ಎಲ್‌ಎಲ್ ಸಿಕ್ಕ 30 ದಿನಗಳ ನಂತರವೇ ಪಕ್ಕಾ ಲೈಸೆನ್ಸಿನ ಪರೀಕ್ಷೆ. ಲೈಸೆನ್ಸ್ ಇಲ್ಲದೆ ಓಡಿಸಿದರೆ ದಂಡ 5,000 ರೂ.

ಮೂರನೆಯದು ವಿಮೆ. ಗೊಂದಲ ಹೆಚ್ಚಿರುವುದು ಇಲ್ಲಿ. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಇದು. 75ರಿಂದ 150 ಸಿಸಿಯ ಗಾಡಿಗೆ ಐದು ವರ್ಷದ ಕಂತನ್ನು ಸರ್ಕಾರವೇ 3,851 ರೂ. ಎಂದು ನಿಗದಿ ಮಾಡಿದೆ, ಮೇಲೆ ಜಿಎಸ್‌ಟಿ. ಈ ಮೊತ್ತದಲ್ಲಿ ಯಾವ ಕಂಪನಿಯೂ ಹೆಚ್ಚು ಕಡಿಮೆ ಮಾಡುವಂತಿಲ್ಲ. ನಿಮ್ಮದೇ ಗಾಡಿ ಕಳವಾದರೆ, ಜಖಂ ಆದರೆ ಕೊಡುವ ಓನ್ ಡ್ಯಾಮೇಜ್ ಭಾಗದಲ್ಲಿ ಮಾತ್ರ ಚೌಕಾಸಿಗೆ ಜಾಗವಿದೆ. ಡೀಲರ್ ಹೇಳಿದ ಕಂಪನಿಯಲ್ಲೇ ಮಾಡಿಸಬೇಕೆಂಬ ನಿಯಮವಿಲ್ಲ. ಹೊರಗಿನ ಒಂದು ಕೊಟೇಷನ್ ಮೊಬೈಲಿನಲ್ಲಿ ತೋರಿಸಿದರೆ ಸಾವಿರ ರೂಪಾಯಿವರೆಗೆ ಇಳಿಯುವುದುಂಟು. ಗಾಡಿ ಕಳ್ಳತನ ದಿಲ್ಲಿಯ ಸುತ್ತಮುತ್ತ ದಿನನಿತ್ಯದ ಸುದ್ದಿ. ಓನ್ ಡ್ಯಾಮೇಜ್ ಬಿಟ್ಟು ಹಣ ಉಳಿಸಲು ಹೋಗಬೇಡಿ. ಮಾಲೀಕ ಚಾಲಕನ 15 ಲಕ್ಷ ರೂ. ಅಪಘಾತ ವಿಮೆಯೂ ಇದರ ಜೊತೆ ಬರುತ್ತದೆ.

ಇನ್ನು ನಾಲ್ಕನೆಯದರಿಂದ ಕೆಳಗೆ ಬರುವ ಸಾಲುಗಳು. ಹ್ಯಾಂಡ್ಲಿಂಗ್ ಚಾರ್ಜ್, ಲಾಜಿಸ್ಟಿಕ್ಸ್, ಫೈಲ್ ಚಾರ್ಜ್, ಟೆಫ್ಲಾನ್ ಕೋಟಿಂಗ್, ಆ್ಯಕ್ಸೆಸರಿ ಕಿಟ್. ಇವುಗಳಲ್ಲಿ ಒಂದನ್ನೂ ಕೊಡಲೇಬೇಕೆಂದು ಕಾನೂನಿಲ್ಲ. 'ಕಿಟ್ ಹಾಕಿಯೇ ಕೊಡೋದು ಜೀ' ಎಂದರೆ ಎದ್ದು ಪಕ್ಕದ ಶೋರೂಮಿಗೆ ನಡೆಯಿರಿ. ಹಿಂದೆ ಕೂರುವವರ ಹಿಡಿಕೆ, ಕಾಲಿಡುವ ಜಾಗ, ಸೀರೆ ಚಕ್ರಕ್ಕೆ ಸಿಗದಂತೆ ತಡೆಯುವ ಗಾರ್ಡ್ ಇವೆಲ್ಲ ಮೋಟಾರು ವಾಹನ ನಿಯಮದ ಪ್ರಕಾರ ಗಾಡಿಯಲ್ಲಿ ಇರಲೇಬೇಕಾದವು. ಹೈ ಸೆಕ್ಯುರಿಟಿ ನಂಬರ್ ಪ್ಲೇಟು 2019ರ ಏಪ್ರಿಲಿನಿಂದ ಹೊಸ ಗಾಡಿಯ ಜೊತೆಗೇ ಬರಬೇಕು. ಐಎಸ್‌ಐ ಗುರುತಿನ ಒಂದು ಹೆಲ್ಮೆಟ್ಟನ್ನು ಗಾಡಿ ಕೊಳ್ಳುವಾಗ ತಯಾರಕರೇ ಕೊಡಬೇಕೆಂದು ಕೇಂದ್ರದ ನಿಯಮ ಹೇಳುತ್ತದೆ. ಕೇಳಿದವರಿಗೆ ಮಾತ್ರ ಸಿಗುತ್ತದೆ, ಬಾಯಿ ಬಿಟ್ಟು ಕೇಳಿ.

ಹೀಗೆ 80,000 ಎಕ್ಸ್ ಶೋರೂಮಿನ ಗಾಡಿ ತೆರಿಗೆ, ನೋಂದಣಿ, ವಿಮೆ ಸೇರಿ 92,000ದ ಆಸುಪಾಸಿಗೆ ಬರಬೇಕು. ಲಕ್ಷ ದಾಟಿದರೆ ಆ ಹೆಚ್ಚಿನ ಮೊತ್ತ ಯಾವ ಸಾಲಿನಲ್ಲಿ ಕೂತಿದೆ ಎಂದು ಬೆರಳಿಟ್ಟು ಕೇಳಿ. ಇದರ ಮೇಲೆ ಕೈಯಲ್ಲಿ ಐದು ಸಾವಿರ ಬೇರೆ ಇಟ್ಟುಕೊಂಡಿರಿ: ಎರಡನೇ ಹೆಲ್ಮೆಟ್, ಡಿಸ್ಕ್ ಲಾಕ್, ರೇನ್‌ಕೋಟ್, ದಪ್ಪ ಗ್ಲೌಸ್, ಗಾಳಿ ತಡೆಯುವ ಜಾಕೆಟ್. ಮೈಸೂರು ಮಂಗಳೂರಿನಲ್ಲಿ ಸ್ಕೂಟರಿಗೆ ಗ್ಲೌಸ್ ಎಂದರೆ ನಗುತ್ತಿದ್ದೆವು. ಇಲ್ಲಿ ಜನವರಿಯ ಬೆಳಗ್ಗೆ ಏಳಕ್ಕೆ, ಐದಾರು ಡಿಗ್ರಿ ಚಳಿಯ ಮಂಜಿನಲ್ಲಿ, ಬೆರಳು ಸೆಟೆದರೆ ಬ್ರೇಕ್ ಹಿಡಿಯುವುದೂ ಕಷ್ಟ. ಗ್ಲೌಸ್ ಇಲ್ಲಿ ಶೋಕಿಯ ವಸ್ತುವಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಆಯುಧಪೂಜೆಗೆ ಹೊಸ ಗಾಡಿ ತರುವಂತೆ ಇಲ್ಲಿ ಧನ್‌ತೇರಸ್ ದಿನ ತರುತ್ತಾರೆ. ಅವತ್ತು ಶೋರೂಮಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಗಾಡಿ ತಪಾಸಣೆ ಮಾಡಿ ತೆಗೆದುಕೊಳ್ಳಲು ಯಾರೂ ಪುರಸೊತ್ತು ಕೊಡುವುದಿಲ್ಲ. ಒಂದು ವಾರ ಮೊದಲೇ ಗಾಡಿ ಆರಿಸಿ ಚಾಸಿ ನಂಬರ್ ಬರೆದುಕೊಳ್ಳಿ, ತಯಾರಾದ ತಿಂಗಳು ನೋಡಿ, ಮುಖ್ಯ ಸ್ಟ್ಯಾಂಡ್ ಹಾಕಿ ಇಳಿಸಿ ನೋಡಿ, ಕೂತಾಗ ಎರಡೂ ಪಾದ ನೆಲಕ್ಕೆ ಮುಟ್ಟುತ್ತವೆಯೇ ನೋಡಿ. ಪೂಜೆ ಬೇಕಾದರೆ ಹಬ್ಬದ ದಿನವೇ ಆಗಲಿ. ಡಿಸೆಂಬರ್ ಕೊನೆಯ ರಿಯಾಯಿತಿಗೂ ಒಂದು ಒಳಗುಟ್ಟಿದೆ. ಜನವರಿಗೆ ಆ ಗಾಡಿ 'ಹೋದ ವರ್ಷದ್ದು' ಆಗುತ್ತದೆ, ಮಾರುವಾಗ ಅಷ್ಟು ಬೆಲೆ ಇಳಿಯುತ್ತದೆ. ಐದಾರು ವರ್ಷ ಇಟ್ಟುಕೊಳ್ಳುವವರಿಗೆ ಆ ರಿಯಾಯಿತಿ ಲಾಭ, ಎರಡು ವರ್ಷಕ್ಕೆ ಮಾರುವವರಿಗೆ ಅಲ್ಲ.

'ಬರೀ ಹತ್ತು ಪರ್ಸೆಂಟ್'

ಮೊದಲ ಸಂಬಳದ ಹುಮ್ಮಸ್ಸಿನಲ್ಲಿ ಹೆಚ್ಚಿನವರು ಸಾಲದ ಮೇಲೇ ಕೊಳ್ಳುತ್ತಾರೆ. ಶೋರೂಮಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತ ಫೈನಾನ್ಸ್‌ನವನು ಕೇಳುವುದು 'ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ' ಎಂದು. ಆ ಪ್ರಶ್ನೆಗೆ ಉತ್ತರ ಕೊಡಬೇಡಿ. ಕೊಟ್ಟರೆ ಕಂತು ನೀವು ಹೇಳಿದ್ದಕ್ಕೇ ಕೂರುತ್ತದೆ, ತಿಂಗಳುಗಳು ಮಾತ್ರ ಹೆಚ್ಚುತ್ತವೆ. ನೀವು ತಿರುಗಿ ಕೇಳಬೇಕಾದದ್ದು ಎರಡು: ಬಡ್ಡಿ ಫ್ಲಾಟ್ ದರವೋ, ಉಳಿದ ಅಸಲಿನ ಮೇಲಿನ ದರವೋ? ಕೊನೆಯವರೆಗೆ ಒಟ್ಟು ಎಷ್ಟು ಕಟ್ಟುತ್ತೇನೆ?

70,000 ರೂ. ಸಾಲ, ಮೂರು ವರ್ಷ ಎನ್ನೋಣ. ಉಳಿದ ಅಸಲಿನ ಮೇಲೆ ಶೇ 12ರ ಬಡ್ಡಿಯಾದರೆ ಕಂತು 2,325 ರೂ. ಒಟ್ಟು ಬಡ್ಡಿ ಸುಮಾರು 13,700. ಅದೇ 'ಬರೀ ಹತ್ತು ಪರ್ಸೆಂಟ್ ಫ್ಲಾಟ್' ಎಂದರೆ ಏನಾಗುತ್ತದೆ? ಫ್ಲಾಟ್ ಲೆಕ್ಕದಲ್ಲಿ ಪ್ರತಿ ವರ್ಷವೂ ಪೂರ್ತಿ 70,000ಕ್ಕೇ ಬಡ್ಡಿ ಹಾಕುತ್ತಾರೆ, ನೀವು ಎಷ್ಟು ತೀರಿಸಿದ್ದರೂ ಸರಿ. ವರ್ಷಕ್ಕೆ 7,000ದಂತೆ ಮೂರು ವರ್ಷಕ್ಕೆ 21,000 ಬಡ್ಡಿ, ಕಂತು 2,528. ಇದನ್ನು ಬ್ಯಾಂಕಿನ ರೀತಿಯಲ್ಲಿ ಲೆಕ್ಕ ಹಾಕಿದರೆ ದರ ಹೆಚ್ಚುಕಡಿಮೆ ಶೇ 18. ಹತ್ತಕ್ಕಿಂತ ಹನ್ನೆರಡು ಅಗ್ಗವಾಗುವ ಈ ಗಣಿತ ಗೊತ್ತಿಲ್ಲದೆ ಏಳು ಸಾವಿರ ಕಳೆದುಕೊಳ್ಳುವವರು ಓದಿದವರೇ. ಸಾಲದ ಕಾಗದದಲ್ಲಿ ವಾರ್ಷಿಕ ಶೇಕಡಾವಾರು ದರ ಎಂಬ ಸಾಲು ಇರುತ್ತದೆ. ಎಲ್ಲ ಶುಲ್ಕ ಸೇರಿದ ನಿಜ ದರ ಅದೇ. ಎರಡು ಸಾಲಗಳನ್ನು ಹೋಲಿಸುವುದಾದರೆ ಅದರಿಂದಲೇ ಹೋಲಿಸಿ.

ಸಂಬಳ ಬರುವ ಬ್ಯಾಂಕಿನಲ್ಲಿ ಒಮ್ಮೆ ವಿಚಾರಿಸಿ ನೋಡಿ. ಸರ್ಕಾರಿ, ಸಾರ್ವಜನಿಕ ಉದ್ದಿಮೆಗಳಲ್ಲಿ ಇರುವವರು ಕಚೇರಿಯ ವಾಹನ ಮುಂಗಡದ ಸೌಲಭ್ಯ ಕೇಳಿ. ಇನ್ನೂ ಒಳ್ಳೆಯ ದಾರಿ ಎಂದರೆ ಆರು ತಿಂಗಳು ಶೇರ್ ಆಟೊದಲ್ಲಿ ಓಡಾಡಿ, ಕಟ್ಟಲಿದ್ದ ಕಂತಿಗೆ ಇನ್ನಷ್ಟು ಸೇರಿಸಿ ಆರ್‌ಡಿಗೆ ಹಾಕುವುದು. ತಿಂಗಳಿಗೆ 5,000ದಂತೆ 30,000 ಕೂಡಿದರೆ ಸಾಲ 40,000ಕ್ಕೆ ಇಳಿಯುತ್ತದೆ. ಆರು ತಿಂಗಳಲ್ಲಿ ಈ ಕೆಲಸ ನಿಮಗೆ ಒಗ್ಗುತ್ತದೆಯೇ, ಮನೆ ಬದಲಿಸುತ್ತೀರಾ ಎಂಬುದೂ ತಿಳಿದಿರುತ್ತದೆ. ಸಾಲ ತೀರಿದ ದಿನ ಫೈನಾನ್ಸ್ ಕಂಪನಿಯಿಂದ ಎನ್‌ಒಸಿ ಮತ್ತು ಫಾರಂ 35 ಪಡೆದು ಆರ್‌ಸಿಯಿಂದ ಅವರ ಹೆಸರು ತೆಗೆಸುವವರೆಗೆ ಸಾಲ ಪೂರ್ತಿ ಮುಗಿದಂತಲ್ಲ.

ಪೆಟ್ರೋಲೋ ಕರೆಂಟೋ

ಎಲೆಕ್ಟ್ರಿಕ್ ಸ್ಕೂಟರಿನ ಜಾಹೀರಾತು ಹೇಳುವ 'ಕಿ.ಮೀ.ಗೆ 30 ಪೈಸೆ' ಸುಳ್ಳಲ್ಲ. ಮೂರು ಕಿಲೋವ್ಯಾಟ್ ಅವರ್ ಬ್ಯಾಟರಿ ತುಂಬಿಸಲು ಮನೆಯ ಕರೆಂಟಿನಲ್ಲಿ 25 ರೂಪಾಯಿಯಷ್ಟು ಆಗುತ್ತದೆ, ಊರೊಳಗೆ 80 ರಿಂದ 90 ಕಿ.ಮೀ. ಓಡುತ್ತದೆ. ಪೆಟ್ರೋಲಿನಲ್ಲಿ ಕಿ.ಮೀ.ಗೆ 2 ರೂ. 10 ಪೈಸೆ. ಪ್ರತಿ ಕಿ.ಮೀ.ಗೆ 1 ರೂ. 80 ಪೈಸೆ ಉಳಿತಾಯ ಎಂದುಕೊಳ್ಳಿ. ಒಂದು ಎಲೆಕ್ಟ್ರಿಕ್ ಗಾಡಿ ಪೆಟ್ರೋಲ್ ಗಾಡಿಗಿಂತ 30,000 ಹೆಚ್ಚಾದರೆ ಆ ಹಣ ವಾಪಸಾಗುವುದು ಯಾವಾಗ? ತಿಂಗಳಿಗೆ 500 ಕಿ.ಮೀ. ಓಡಿಸುವವರಿಗೆ ಮೂರು ವರ್ಷದೊಳಗೆ. 1,000 ಕಿ.ಮೀ. ಓಡಿಸುವವರಿಗೆ ಒಂದೂವರೆ ವರ್ಷದಲ್ಲಿ. 200 ಕಿ.ಮೀ. ಓಡಿಸುವವರಿಗೆ ಏಳು ವರ್ಷ ಬೇಕು. ಅಷ್ಟರಲ್ಲಿ ಬ್ಯಾಟರಿಯ ವಾರಂಟಿ ಮುಗಿಯುವ ಹೊತ್ತಾಗಿರುತ್ತದೆ.

ಎಲೆಕ್ಟ್ರಿಕ್ ಗಾಡಿಗೆ ಜಿಎಸ್‌ಟಿ ಶೇ 5 ಮಾತ್ರ. ಆದರೆ ಕೇಂದ್ರದ ಸಬ್ಸಿಡಿ ವರ್ಷದಿಂದ ವರ್ಷಕ್ಕೆ ಕರಗುತ್ತಿದೆ. ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಮೊದಲು ಗಾಡಿಗೆ ಗರಿಷ್ಠ 10,000 ಇದ್ದದ್ದು 2025ರ ಏಪ್ರಿಲಿನಿಂದ 5,000ಕ್ಕೆ ಇಳಿಯಿತು. ಅತ್ತ ಪೆಟ್ರೋಲ್ ಗಾಡಿಯ ಜಿಎಸ್‌ಟಿ ಇಳಿದು ಅದರ ಬೆಲೆ ತಗ್ಗಿತು. ಎರಡರ ನಡುವಿನ ಅಂತರ ಹೀಗೆ ಎರಡೂ ಕಡೆಯಿಂದ ಹಿಗ್ಗಿದೆ. ಆದ್ದರಿಂದ ಕಡಿಮೆ ಓಡುವವರು ಪೆಟ್ರೋಲಿಗೆ ನಿಲ್ಲುವುದು ಲೇಸು, ದಿನಕ್ಕೆ 30 ಕಿ.ಮೀ. ಮೀರಿ ಓಡುವವರು ಎಲೆಕ್ಟ್ರಿಕ್ ನೋಡಬೇಕು.

ನೋಡುವ ಮೊದಲು ಮನೆಯ ಕೆಳಗೆ ಇಳಿದು ಒಂದು ಸಾಕೆಟ್ ಹುಡುಕಿ. ಫರೀದಾಬಾದಿನಲ್ಲಿ ಬಾಡಿಗೆಗೆ ಸಿಗುವುದು ಹೆಚ್ಚಾಗಿ 'ಬಿಲ್ಡರ್ ಫ್ಲೋರ್'. ನಾಲ್ಕು ಮಹಡಿ, ಮಹಡಿಗೊಂದು ಮನೆ, ಕೆಳಗೆ ಕಂಬಗಳ ನಡುವೆ ಪಾರ್ಕಿಂಗ್. ಅಲ್ಲಿರುವ ಒಂದೇ ಪ್ಲಗ್ ನೀರಿನ ಮೋಟರಿನದಾಗಿರುತ್ತದೆ, ಅದರ ಬಿಲ್ಲನ್ನು ನಾಲ್ಕು ಮನೆಯವರು ಹಂಚಿಕೊಂಡಿರುತ್ತಾರೆ. ನಿಮ್ಮ ಮೀಟರಿನಿಂದ ಒಂದು ತಂತಿ ಇಳಿಸಲು ಮನೆ ಮಾಲೀಕರು ಒಪ್ಪುತ್ತಾರೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ. ಒಪ್ಪದಿದ್ದರೆ ಬ್ಯಾಟರಿ ಬಿಚ್ಚಿ ಮೇಲೆ ಒಯ್ಯಬಹುದಾದ ಗಾಡಿ ಇಲ್ಲವೇ ಪೆಟ್ರೋಲ್, ಮೂರನೆಯ ದಾರಿಯಿಲ್ಲ.

ಯಾವ ಗಾಡಿಯಾದರೂ ಮಳೆಗಾಲದಲ್ಲಿ ಅಂಡರ್‌ಪಾಸಿಗೆ ಇಳಿಸಬೇಡಿ. 2024ರ ಸೆಪ್ಟೆಂಬರಿನಲ್ಲಿ ಓಲ್ಡ್ ಫರೀದಾಬಾದಿನ ರೈಲ್ವೆ ಅಂಡರ್‌ಪಾಸಿನಲ್ಲಿ ನಿಂತ ಮಳೆನೀರಿಗೆ ಕಾರು ಮುಳುಗಿ ಇಬ್ಬರು ಬ್ಯಾಂಕ್ ನೌಕರರು ತೀರಿಕೊಂಡರು. ಫ್ಲೈಓವರ್ ಸುತ್ತಿ ಬಂದರೆ ನಾಲ್ಕು ಕಿ.ಮೀ. ಹೆಚ್ಚಾಗುತ್ತದೆ, ಆಗಲಿ.

ಹಳೆಯ ಗಾಡಿಗೆ ವಯಸ್ಸು ಮುಖ್ಯ

ಸೆಕೆಂಡ್ ಹ್ಯಾಂಡ್ ಗಾಡಿಯ ವಿಚಾರದಲ್ಲಿ ಕರ್ನಾಟಕದ ಅನುಭವ ಇಲ್ಲಿ ನಡೆಯುವುದಿಲ್ಲ. ನಮ್ಮೂರಿನಲ್ಲಿ 15 ವರ್ಷ ತುಂಬಿದ ಸ್ಕೂಟರನ್ನು ಎಫ್‌ಸಿ ಮಾಡಿಸಿ ಮತ್ತೆ ಐದು ವರ್ಷ ಓಡಿಸಬಹುದು. ರಾಷ್ಟ್ರೀಯ ರಾಜಧಾನಿ ವಲಯದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್, ಹದಿನೈದು ಮೀರಿದ ಪೆಟ್ರೋಲ್ ವಾಹನಗಳು ರಸ್ತೆಗೆ ಇಳಿಯಬಾರದೆಂದು ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಫರೀದಾಬಾದ್ ಈ ವಲಯದೊಳಗಿದೆ. 2025ರ ಆಗಸ್ಟಿನಲ್ಲಿ ಇದೇ ಕೋರ್ಟ್ ಬರೀ ವಯಸ್ಸಿನ ಕಾರಣಕ್ಕೆ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದಿತು. ಡಿಸೆಂಬರಿನಲ್ಲಿ ಆ ರಕ್ಷಣೆ ಬಿಎಸ್-4 ಮತ್ತು ಮೇಲಿನ ಮಾಲಿನ್ಯ ಮಾನದಂಡದ ಗಾಡಿಗಳಿಗೆ ಮಾತ್ರ ಎಂದು ಬಿಗಿ ಮಾಡಿತು. ಅದೇ ಡಿಸೆಂಬರಿನಲ್ಲಿ ದಿಲ್ಲಿ ಸರ್ಕಾರ ಪಿಯುಸಿ (ಹೊಗೆ ತಪಾಸಣೆ ಪ್ರಮಾಣಪತ್ರ) ಇಲ್ಲದ ಗಾಡಿಗೆ ಬಂಕಿನಲ್ಲಿ ಪೆಟ್ರೋಲ್ ಹಾಕಬಾರದೆಂದು ಆದೇಶಿಸಿತು.

ನಿಯಮ ಇನ್ನೂ ಎಷ್ಟು ಸಲ ಬದಲಾದರೂ ಕೊಳ್ಳುವವರು ನೆನಪಿಡಬೇಕಾದದ್ದು ಒಂದೇ: 2020ರ ಏಪ್ರಿಲ್ 1ರ ನಂತರ ನೋಂದಣಿಯಾದ ಬಿಎಸ್-6 ಗಾಡಿಗಿಂತ ಹಳೆಯದು ಬೇಡ. 2014ರ ಸ್ಕೂಟರ್ 18,000ಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ. ಮಾರುವವನಿಗೆ ಅದರ ಆಯುಷ್ಯ ಚೆನ್ನಾಗಿ ಗೊತ್ತು. ಮೂರು ವರ್ಷ ಓಡಿದ, 45,000ದಿಂದ 50,000ದ ಬಿಎಸ್-6 ಸ್ಕೂಟರ್ ಮೊದಲ ಗಾಡಿಗೆ ಹೇಳಿ ಮಾಡಿಸಿದ್ದು. ಮೊದಲ ಗೀರು ಹೇಗೂ ಬೀಳುವುದೇ, ಹಳೆಯದರ ಮೇಲೆ ಬಿದ್ದರೆ ಕರುಳು ಅಷ್ಟು ಚುರ್ ಎನ್ನುವುದಿಲ್ಲ.

ನೋಡಲು ಹೋಗುವುದಾದರೆ ಬೆಳಗ್ಗೆ ಹೋಗಿ. 'ಎಂಜಿನ್ ಬಿಸಿ ಮಾಡಿ ಇಡಬೇಡಿ' ಎಂದು ಮೊದಲೇ ಹೇಳಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗುವ ರೀತಿಯೇ ಅರ್ಧ ಕಥೆ ಹೇಳುತ್ತದೆ. ಸಮತಟ್ಟಾದ ರಸ್ತೆಯಲ್ಲಿ ನಿಧಾನ ಓಡಿಸಿ ಹ್ಯಾಂಡಲ್ ಒಂದು ಕಡೆ ಎಳೆಯುತ್ತದೆಯೇ ನೋಡಿ. ಎಳೆದರೆ ಮುಂದಿನ ಫೋರ್ಕ್ ಎಲ್ಲೋ ಹೊಡೆತ ತಿಂದಿದೆ. ಬಗ್ಗಿ ಕಾಲಿಡುವ ಹಲಗೆಯ ಅಡಿ ತುಕ್ಕು ನೋಡಿ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ: 2322 ಎಂದರೆ 2022ರ 23ನೇ ವಾರ ತಯಾರಾದದ್ದು. 2021ರ ಗಾಡಿ, ಮೀಟರಿನಲ್ಲಿ ಬರೀ 6,000 ಕಿ.ಮೀ., ಟಯರ್ ಮಾತ್ರ 2024ರದ್ದು ಎಂದಾದರೆ ಮೀಟರನ್ನು ನಂಬಬೇಡಿ. ಕೊನೆಗೆ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಬಾಕಿ ಚಲನ್, ವಿಮೆ, ಸಾಲ ಪರಿಶೀಲಿಸಿ. ಫಾರಂ 29 ಮತ್ತು 30ಕ್ಕೆ ಸಹಿ ಆಗದೆ ಪೂರ್ತಿ ಹಣ ಕೊಡಬೇಡಿ.

ಬಿಟ್ಟು ಹೊರಡುವ ಲೆಕ್ಕ

ಫರೀದಾಬಾದಿಗೆ ಬಂದ ಕನ್ನಡಿಗರಲ್ಲಿ ಇಲ್ಲೇ ನೆಲೆ ನಿಲ್ಲುವವರು ಕಡಿಮೆ. ಮೂರು ನಾಲ್ಕು ವರ್ಷಕ್ಕೆ ವರ್ಗ, ಇಲ್ಲವೇ ಬೆಂಗಳೂರಿನಲ್ಲಿ ಬೇರೆ ಕೆಲಸ. ಎನ್‌ಎಚ್‌ಪಿಸಿಯವರಂತೂ ಇವತ್ತು ಇಲ್ಲಿ, ನಾಳೆ ಚಂಬಾದ ಕಣಿವೆಯಲ್ಲಿ. ಹೀಗಾಗಿ ನಂಬರ್ ಪ್ಲೇಟಿನ ಯೋಚನೆಯನ್ನು ಕೊಳ್ಳುವ ದಿನವೇ ಮಾಡಬೇಕು.

ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇರುವುದಾದರೆ ಅಲ್ಲಿಯ ನಂಬರ್ ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಹೇಳುತ್ತದೆ. ಎಚ್‌ಆರ್ ಗಾಡಿಯನ್ನು ರೈಲಿಗೆ ಹಾಕಿ ಬೆಂಗಳೂರಿಗೆ ಒಯ್ದರೆ ಇಲ್ಲಿಂದ ಎನ್‌ಒಸಿ, ಅಲ್ಲಿ ಮತ್ತೆ ಗಾಡಿಯ ವಯಸ್ಸಿಗೆ ತಕ್ಕ ಜೀವಿತಾವಧಿ ತೆರಿಗೆ, ಇಲ್ಲಿ ಕಟ್ಟಿದ್ದರ ಬಾಕಿ ಭಾಗಕ್ಕೆ ಅರ್ಜಿ ಹಾಕಿ ಕಾಯುವುದು. ಐದು ವರ್ಷದ ಸ್ಕೂಟರಿಗೆ ಇಷ್ಟೆಲ್ಲ ಮಾಡುವುದಕ್ಕಿಂತ ಇಲ್ಲಿಯೇ ಮಾರಿ ಅಲ್ಲಿ ಬೇರೆ ಕೊಳ್ಳುವುದು ಮೇಲು.

ಕೇಂದ್ರ ಸರ್ಕಾರ, ಸೇನೆ, ಸಾರ್ವಜನಿಕ ಉದ್ದಿಮೆಗಳ ನೌಕರರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಕಂಪನಿಯವರಿಗೆ 2021ರ ಸೆಪ್ಟೆಂಬರಿನಿಂದ ಬಿಎಚ್ ಸರಣಿಯ ನಂಬರ್ ಇದೆ. ಇದರಲ್ಲಿ ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟುತ್ತಾ ಹೋಗಬಹುದು, ರಾಜ್ಯ ಬದಲಾದರೂ ನಂಬರ್ ಬದಲಾಗದು. ವರ್ಗದ ನೌಕರಿಯವರಿಗೆ ಒಳ್ಳೆಯದೇ. ಒಂದೇ ತೊಡಕು ಎಂದರೆ ಮಾರುವಾಗ ಕೊಳ್ಳುವವನಿಗೂ ಬಿಎಚ್ ಅರ್ಹತೆ ಇರಬೇಕು, ಇಲ್ಲದಿದ್ದರೆ ರಾಜ್ಯದ ನಂಬರಿಗೆ ಬದಲಿಸಬೇಕು. ಕಾರಿನಲ್ಲಿ ಉಳಿಯುವ ತೆರಿಗೆ ದೊಡ್ಡದು, ಆ ತಾಪತ್ರಯ ಸಹಿಸಬಹುದು. ಸ್ಕೂಟರಿನಲ್ಲಿ ಉಳಿಯುವುದು ಅಲ್ಪ ಮಾತ್ರ. ಗಾಡಿಯನ್ನು ಊರಿಂದೂರಿಗೆ ಒಯ್ಯುವ ಉದ್ದೇಶವಿಲ್ಲದಿದ್ದರೆ ಸಾದಾ ಎಚ್‌ಆರ್ 51 ಸಾಕು.

ಹೊರಡುವ ಗಡಿಬಿಡಿಯಲ್ಲಿ ಗಾಡಿಯನ್ನು ಪರಿಚಯದವರ ಕೈಗಿತ್ತು, ಹೆಸರು ಬದಲಿಸುವುದನ್ನು ಆಮೇಲೆ ನೋಡೋಣ ಎನ್ನುವವರು ಬಹಳ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ನೀವು ದಾವಣಗೆರೆಯಲ್ಲಿ ನೆಮ್ಮದಿಯಾಗಿದ್ದಾಗ ಬಲ್ಲಭಗಢದಲ್ಲಿ ಯಾರೋ ಮಾಡಿದ ಅಪಘಾತಕ್ಕೆ ನೋಟಿಸ್ ನಿಮ್ಮ ಮನೆಗೆ ಬರುತ್ತದೆ. ಮಾರಿದ್ದೇ ಆದರೆ ಹೆಸರು ಬದಲಾಗಿ ಹೊಸ ಆರ್‌ಸಿಯ ಪ್ರತಿ ಕೈಗೆ ಬರುವವರೆಗೆ ಐದು ಸಾವಿರ ರೂಪಾಯಿ ಹಿಡಿದಿಟ್ಟುಕೊಳ್ಳುವ ಕರಾರಿಗೆ ಕೊಳ್ಳುವವನ ಸಹಿ ಪಡೆಯಿರಿ, ಅಥವಾ ಟಿಕೆಟ್ಟನ್ನೇ ಒಂದು ವಾರ ಮುಂದೂಡಿ.